ಬಿಳಿ ಕೂದಲಿಗೆ ಕಡುಬಣ್ಣ

ಧಾರವಾಡದ ಆ ಮನೆಯಲ್ಲಿ ಸೀರೆಯ ಬಣ್ಣಕ್ಕೂ ಉಡುವವಳ ವಯಸ್ಸಿಗೂ ಒಂದು ಕಟ್ಟುಪಾಡು ಇತ್ತು. ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಹುಡುಗಿಯರಿಗೆ ಗಿಣಿ ಹಸಿರು, ಕನಕಾಂಬರ, ರಾಣಿ ಕಲರ್. ಮದುವೆಯಾಗಿ ಮಕ್ಕಳಾದ ಮೇಲೆ ದಾಳಿಂಬೆ ಕೆಂಪು, ನವಿಲು ನೀಲಿ, ಬಾಟಲಿ ಹಸಿರು. ಸೊಸೆ ಬಂದಮೇಲೆ ಈರುಳ್ಳಿ ಬಣ್ಣ, ಬಿಸ್ಕಿಟ್ ಬಣ್ಣ, ಬೂದು. ಅಲ್ಲಿಂದ ಮುಂದೆ ಬಣ್ಣದ ಮಾತೆತ್ತಿದರೆ ಸಾಕು, "ಇನ್ನೇನು ನಮಗ ಬಣ್ಣ?" ಅನ್ನುವ ಉತ್ತರ ಸಿದ್ಧವಿರುತ್ತಿತ್ತು.

ಈ ಲೆಕ್ಕದೊಳಗೇ ಬೆಳೆದವಳು ಆಕೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತಳಾಗಿದ್ದಾಳೆ, ಅರವತ್ತು ದಾಟಿದೆ. ಬಣ್ಣ ಕಲಸುವುದನ್ನು ಮಕ್ಕಳಿಗೆ ಕಲಿಸುವುದೇ ಕೆಲಸವಾಗಿದ್ದರಿಂದ, ತನ್ನ ಮೈಮೇಲಿನ ಬಣ್ಣ ವರುಷ ಕಳೆದಂತೆ ಹೇಗೆ ಬೇರೆಯಾಗಿ ಕಾಣತೊಡಗಿತು ಅನ್ನುವುದನ್ನು ಆಕೆ ಸುಮ್ಮನೆ ನೋಡಿ ಬಿಟ್ಟವಳಲ್ಲ. ಒಪ್ಪುವ ಬಣ್ಣ ವಯಸ್ಸಿನೊಂದಿಗೆ ಬದಲಾಗುತ್ತದೆ ಎಂಬುದನ್ನು ಆಕೆ ಒಪ್ಪುತ್ತಾಳೆ. ಆದರೆ ಅದು ತಿಳಿಯಾಗುತ್ತ, ಮಾಸುತ್ತ, ಕೊನೆಗೆ ಇಲ್ಲವಾಗಬೇಕು ಅನ್ನುವ ಮಾತನ್ನು ಒಪ್ಪುವುದಿಲ್ಲ.

ಅವ್ವನ ತವರು ಹುನಗುಂದದ ಕಡೆ. ಹೀಗಾಗಿ ಮನೆಯಲ್ಲಿ ಇಳಕಲ್ ಸೀರೆಗೆ ಕೊರತೆ ಇರಲಿಲ್ಲ. ಇಳಕಲ್ ಸೀರೆಯ ಮೈ ಮತ್ತು ಸೆರಗು ಬೇರೆ ಬೇರೆ ಹಾಸಿನವು. ಮೈಯ ಹಾಸೆಳೆಗಳನ್ನೂ ಸೆರಗಿನ ಹಾಸೆಳೆಗಳನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ನೇಕಾರರು ಇದಕ್ಕೆ ಕೊಂಡಿ ಅನ್ನುತ್ತಾರೆ. ಮೈ ಯಾವ ಬಣ್ಣದ್ದೇ ಇರಲಿ, ಹಳೆಯ ಪದ್ಧತಿಯ ತೋಪು ತೆನೆ ಸೆರಗು ಮಾತ್ರ ಕೆಂಪು, ಅದರ ನಡುವೆ ಬಿಳಿಯ ತೆನೆಗಳು. ಹದಿನೆಂಟರ ಮದುಮಗಳಿಗೂ ಅದೇ ಸೆರಗು, ಎಂಬತ್ತರ ಅಜ್ಜಿಗೂ ಅದೇ. ಆಕೆಯ ಅಜ್ಜಿ ಮಾಸಿದ ಇಟ್ಟಿಗೆ ಬಣ್ಣದ್ದೋ ಕಡುನೀಲಿಯದೋ ಸೀರೆ ಉಟ್ಟು ಆ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಾಗ, ಹಣೆಯ ಬಿಳಿ ಕೂದಲಿಗೆ ಅಂಟಿಕೊಂಡಂತೆ ಒಂದು ಕೆಂಪು ಅಂಚು ನಿಲ್ಲುತ್ತಿತ್ತು. ಸುಕ್ಕುಬಿದ್ದ ಕೆನ್ನೆ ಆ ಕೆಂಪಿನಿಂದಲೇ ಬಿಸಿಲು ಬಿದ್ದ ಗೋಡೆಯಂತೆ ಬೆಚ್ಚಗೆ ಕಾಣುತ್ತಿತ್ತು. ವಯಸ್ಸಿಗೆ ತಕ್ಕಂತೆ ಮೈಯ ಬಣ್ಣ ಬದಲಿಸಿಕೊಂಡರೂ ಮುಖದ ಪಕ್ಕದ ಬಣ್ಣವನ್ನು ಯಾರಿಂದಲೂ ಕಸಿದುಕೊಳ್ಳದ ಸೀರೆ ಅದು. ಇಳಕಲ್ಲಿನ ನೇಕಾರರು ಇದನ್ನು ಲೆಕ್ಕ ಹಾಕಿಯೇ ಮಾಡಿದರೋ ಇಲ್ಲವೋ, ಮುದುಕಿಯರ ಪಾಲಿಗೆ ಅದು ದೊಡ್ಡ ಉಪಕಾರವಾಯಿತು ಎಂದು ಆಕೆ ನಂಬಿದ್ದಾಳೆ.

ಹರೆಯದಲ್ಲಿ ಆಕೆಗೆ ಒಪ್ಪುತ್ತಿದ್ದದ್ದು ಸಾಸಿವೆ ಹಳದಿ. ಮೈಬಣ್ಣ ಎಣ್ಣೆಗಪ್ಪು, ಕೂದಲು ದಟ್ಟ ಕಪ್ಪು, ಹುಬ್ಬು ತಿದ್ದಿ ಬರೆದಂತಿತ್ತು. ಎಂಬತ್ತರ ದಶಕದ ಮೊದಲಿಗೆ ಕರ್ನಾಟಕ ಕಾಲೇಜಿಗೆ ಹೋಗುವಾಗ, ಪಾಲಿಯೆಸ್ಟರ್ ಸೀರೆಗಳ ಸುಗ್ಗಿಯ ಕಾಲದಲ್ಲಿ, ಒಂದು ಹಳದಿ ನೂಲಿನ ಸೀರೆಯನ್ನು ಒಗೆದು ಒಗೆದು ಉಟ್ಟಳು. ಗೆಳತಿಯರು ಅದನ್ನೇ ಎರವಲು ತೆಗೆದುಕೊಂಡು ಹೋಗಿ, "ನಮಗ ಒಪ್ಪವಲ್ತು" ಎಂದು ವಾಪಸು ತಂದುಕೊಡುತ್ತಿದ್ದರು. ಆಗ ತೆಗೆಸಿದ ಒಂದು ಕಲರ್ ಫೋಟೋ ಈಗಲೂ ಇದೆ. ಹಳದಿಯ ಪಕ್ಕ ಜಡೆ ಇನ್ನಷ್ಟು ಕಪ್ಪಾಗಿ, ಕಣ್ಣಿನ ಬಿಳುಪು ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಅಕ್ಕನದು ಗೋದಿ ಮೈಬಣ್ಣ, ತುಸು ಕಂದುಗೂದಲು. ಅದೇ ಸೀರೆಯಲ್ಲಿ ಅಕ್ಕ ಜ್ವರ ಬಂದು ಎದ್ದವಳಂತೆ ಕಾಣುತ್ತಿದ್ದಳು.

ಇದಕ್ಕೆ ಕಾರಣ ಏನೆಂಬುದು ಆಕೆಗೆ ತಿಳಿದದ್ದು ಚಿತ್ರಕಲೆ ಓದುವಾಗ. ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್ 1824ರಲ್ಲಿ ಪ್ಯಾರಿಸ್ಸಿನ ಗೋಬಲಾಂ ಕಾರ್ಖಾನೆಯ ಬಣ್ಣದ ಮನೆಗೆ ಮುಖ್ಯಸ್ಥನಾಗಿ ಬಂದ. ಗೋಡೆಗೆ ತೂಗುಹಾಕುವ ಚಿತ್ರಗಂಬಳಿ ನೇಯುವ ಜಾಗ ಅದು. ನಿಮ್ಮ ಕಪ್ಪು ಬಣ್ಣಕ್ಕೆ ದಮ್ಮಿಲ್ಲ, ನೀಲಿ ನೇರಳೆಗಳ ನೆರಳಿಗೆ ಹಾಕಿದರೆ ಮಂಕಾಗುತ್ತದೆ ಎಂದು ಅಲ್ಲಿನವರು ದೂರುತ್ತಿದ್ದರು. ಶೆವ್ರಲ್ ಬೇರೆ ಊರುಗಳ ಕಪ್ಪು ಉಣ್ಣೆ ತರಿಸಿ ಪಕ್ಕದಲ್ಲಿಟ್ಟು ನೋಡಿದ. ಬಣ್ಣದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕಪ್ಪನ್ನು ಮಂಕಾಗಿಸುತ್ತಿದ್ದದ್ದು ಅದರ ಪಕ್ಕದ ನೀಲಿ ಮತ್ತು ನೇರಳೆ. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ನಮ್ಮ ಕಣ್ಣಿನಲ್ಲಿ ಬದಲಿಸಿಬಿಡುತ್ತದೆ ಎಂಬುದನ್ನು ಅವನು ವರ್ಷಗಟ್ಟಲೆ ಪರೀಕ್ಷಿಸಿ, 1839ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದ. ಯಾವ ಮೈಬಣ್ಣಕ್ಕೆ, ಯಾವ ಕೂದಲಿಗೆ ಯಾವ ಬಟ್ಟೆ ಹೊಂದುತ್ತದೆ ಎಂಬ ಚರ್ಚೆಯೂ ಅದರಲ್ಲಿದೆ. 1786ರಲ್ಲಿ ಹುಟ್ಟಿದ ಈ ಮನುಷ್ಯ ತೀರಿಕೊಂಡದ್ದು 1889ರಲ್ಲಿ, 102 ವರ್ಷ ಬದುಕಿ.

ಅಂದರೆ ಒಂದು ಬಣ್ಣ ಯಾರಿಗೂ ಒಂಟಿಯಾಗಿ ಒಪ್ಪುವುದಿಲ್ಲ. ಅದು ಕೂದಲಿನ ಜೊತೆ, ಹುಬ್ಬಿನ ಜೊತೆ, ತುಟಿಯ ಜೊತೆ, ಕೆನ್ನೆಯ ಜೊತೆ ಸೇರಿ ಒಪ್ಪುತ್ತದೆ. ಆಕೆಯ ಹಳದಿಯನ್ನು ಹಿಡಿದು ನಿಲ್ಲಿಸಿದ್ದು ಆ ಕಪ್ಪು ಜಡೆ.

ನಲವತ್ತೈದರ ಆಸುಪಾಸಿನಲ್ಲಿ ಹಳದಿ ಕೈಬಿಟ್ಟಿತು. ಒಂದು ದಿನದಲ್ಲಿ ಆದದ್ದಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ "ಯಾಕ್ರೀ ಟೀಚರ, ಆರಾಮ ಇಲ್ಲೇನು?" ಎಂದು ಕೇಳುತ್ತಿದ್ದ ದಿನಗಳನ್ನು ನೆನಪು ಮಾಡಿಕೊಂಡರೆ, ಅವೆಲ್ಲ ಆ ಹಳದಿಯೋ ಖಾಕಿಯೋ ಉಟ್ಟ ದಿನಗಳು. ಕೂದಲಿಗೆ ಆಕೆ ಡೈ ಹಚ್ಚುತ್ತಿದ್ದಳು, ಹಾಗಾಗಿ ಕೂದಲು ಕಪ್ಪಾಗಿಯೇ ಇತ್ತು. ಬದಲಾದದ್ದು ಮುಖ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳು ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ 10ರಿಂದ 20ರಷ್ಟು ಕಡಿಮೆಯಾಗುತ್ತ ಹೋಗುತ್ತವೆ ಎಂದು ಚರ್ಮವೈದ್ಯರು ಹೇಳುತ್ತಾರೆ. ಉಳಿದವು ಎಲ್ಲ ಕಡೆ ಸಮನಾಗಿ ಕೆಲಸ ಮಾಡುವುದಿಲ್ಲ. ಬಿಸಿಲು ಬಿದ್ದಲ್ಲಿ ಹೆಚ್ಚು, ಉಳಿದೆಡೆ ಕಡಿಮೆ. ಕೆನ್ನೆಯ ಮೇಲೆ ಬಂಗು ಕಾಣಿಸಿಕೊಳ್ಳುವುದು, ಕಣ್ಣ ಕೆಳಗೆ ಕಪ್ಪಾಗುವುದು, ತುಟಿಯ ಕೆಂಪು ಇಳಿಯುವುದು ಎಲ್ಲ ಸೇರಿ ಮುಖದ ಚಿತ್ರ ಮೊದಲಿನಂತೆ ಉಳಿಯುವುದಿಲ್ಲ. ಔರೆಲಿ ಪೋರ್ಶರಾನ್, ರಿಚರ್ಡ್ ರಸೆಲ್ ಮತ್ತು ಅವರ ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದನ್ನು ಅಳೆದು ನೋಡಿದ್ದಾರೆ. ತುಟಿ, ಹುಬ್ಬು, ಕಣ್ಣುಗಳಿಗೂ ಅವುಗಳ ಸುತ್ತಲಿನ ಚರ್ಮಕ್ಕೂ ಇರುವ ಬಣ್ಣದ ಅಂತರ ವಯಸ್ಸಾದಂತೆ ಕುಗ್ಗುತ್ತದೆ. ನಾವು ಒಬ್ಬರ ವಯಸ್ಸನ್ನು ಅಂದಾಜು ಮಾಡುವಾಗ ನಮಗರಿವಿಲ್ಲದೆ ಆ ಅಂತರವನ್ನೂ ನೋಡುತ್ತೇವೆ. ಮೊದಲು ಯುರೋಪಿನ ಮಹಿಳೆಯರ ಮುಖಗಳಲ್ಲಿ ಕಂಡದ್ದನ್ನು ನಾಲ್ಕು ವರ್ಷದ ನಂತರ ಬೇರೆ ಬೇರೆ ಜನಾಂಗದವರ ಮುಖಗಳಲ್ಲೂ ಕಂಡರು.

ಆಕೆ ತನ್ನದೇ ಒಂದು ಪರೀಕ್ಷೆ ಮಾಡಿದಳು, ಡ್ರಾಯಿಂಗ್ ಟೀಚರ್ ಮಾಡಬಹುದಾದಂಥದ್ದು. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಬಿಸಿಲು ನೇರ ಬೀಳದ ಉತ್ತರದ ಕಿಟಕಿಯ ಬಳಿ ಕನ್ನಡಿ ಇಟ್ಟುಕೊಂಡು, ಜಂಪರ್ ಪೀಸುಗಳ ಗಂಟು ಬಿಚ್ಚಿ ಒಂದೊಂದನ್ನೇ ಗಲ್ಲದ ಕೆಳಗೆ ಹಿಡಿದು ನೋಡಿದಳು. ಬಟ್ಟೆಯನ್ನು ನೋಡಬಾರದು, ಮುಖವನ್ನಷ್ಟೇ ನೋಡಬೇಕು. ಹಳದಿ ಹಿಡಿದಾಗ ಗಲ್ಲದ ಕೆಳಗೆ, ಕತ್ತಿನ ಮಡಿಕೆಗಳಲ್ಲಿ ಹಸಿರು ಛಾಯೆಯ ಮಬ್ಬು. ಕಣ್ಣ ಕೆಳಗಿನ ನೆರಳು ಇನ್ನಷ್ಟು ಕೆಳಕ್ಕಿಳಿದಂತೆ ಕಂಡಿತು. ಬಿಸ್ಕಿಟ್ ಬಣ್ಣ ಹಿಡಿದಾಗ ಮುಖ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಹಾಲುಬಿಳಿ ಹಿಡಿದಾಗ ಗಲ್ಲದ ಕೆಳಗಿನ ನೆರಳು ಮಾಯ. ದಾಸವಾಳದ ಕೆಂಪು ಹಿಡಿದಾಗ ತುಟಿಗೆ ಬಣ್ಣ ಬಂತು. ನೇರಳೆ ಹಣ್ಣಿನ ಬಣ್ಣ ಹಿಡಿದಾಗ ಬಂಗಿನ ಕಲೆಗಳು ಹಿಂದಕ್ಕೆ ಸರಿದು ಕಣ್ಣು ಮುಂದೆ ಬಂದವು.

ಇದರಲ್ಲಿ ಪವಾಡವೇನೂ ಇಲ್ಲ. ಬಟ್ಟೆಯ ಮೇಲೆ ಬಿದ್ದ ಬೆಳಕು ತನ್ನ ಬಣ್ಣವನ್ನು ಹೊತ್ತುಕೊಂಡು ಗಲ್ಲಕ್ಕೂ ಕೆನ್ನೆಯ ಕೆಳಭಾಗಕ್ಕೂ ಮರಳಿ ಬೀಳುತ್ತದೆ. ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರು ಬಿಳಿ ಹಲಗೆ ಹಿಡಿಯುವುದು ಇದಕ್ಕಾಗಿಯೇ. ಹರೆಯದ ಮುಖದಲ್ಲಿ ನೆರಳು ತಂಗಲು ಮಡಿಕೆಗಳಿರುವುದಿಲ್ಲ, ಹಾಗಾಗಿ ಯಾವ ಬಣ್ಣ ಬಿದ್ದರೂ ನಡೆಯುತ್ತದೆ. ಮಡಿಕೆ ಬಂದ ಮೇಲೆ ಮರಳಿ ಬೀಳುವ ಬೆಳಕಿನ ಬಣ್ಣ ಮುಖ್ಯವಾಗುತ್ತದೆ. ಥಳಥಳ ಹೊಳೆಯುವ ಬಟ್ಟೆಯಾದರೆ ಅದು ಅಲ್ಲಲ್ಲಿ ತೇಪೆಯಂತೆ ಬೀಳುವುದರಿಂದ ಸುಕ್ಕು ಎದ್ದು ಕಾಣುತ್ತದೆ. ನೂಲು, ಖಾದಿ, ಮೈಸೂರು ಸಿಲ್ಕಿನ ಕ್ರೇಪ್‌ನಂಥ ಬಟ್ಟೆಯಾದರೆ ಬೆಳಕು ಹದವಾಗಿ ಹರಡುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಪ್ಪಿದ ಸೀರೆ ಮನೆಗೆ ಬಂದ ಮೇಲೆ ಬೇರೆಯಾಗಿ ಕಾಣುವುದೂ ಬೆಳಕಿನ ಆಟವೇ. ಹುಬ್ಬಳ್ಳಿಯ ಹಳೆಯ ಅಂಗಡಿಗಳಲ್ಲಿ ತಿಳಿದವರು, ಯಾರೂ ಕೇಳದಿದ್ದರೂ, ಸೀರೆಯನ್ನು ಎತ್ತಿಕೊಂಡು ಬಾಗಿಲಿಗೆ ಬರುತ್ತಿದ್ದರು. "ಅಕ್ಕಾರ, ಹೊರಗ ಬೆಳಕಿನ್ಯಾಗ ನೋಡ್ರಿ, ಆಮ್ಯಾಲೆ ಹೇಳ್ರಿ" ಅನ್ನುವ ಆ ಮಾತಿನಲ್ಲಿ ವ್ಯಾಪಾರಕ್ಕಿಂತ ದೊಡ್ಡ ತಿಳಿವಳಿಕೆ ಇತ್ತು.

ಅಮೆರಿಕದಲ್ಲಿ 1980ರಲ್ಲಿ ಕ್ಯಾರೊಲ್ ಜಾಕ್ಸನ್ ಎಂಬಾಕೆ ಬರೆದ 'ಕಲರ್ ಮಿ ಬ್ಯೂಟಿಫುಲ್' ಪುಸ್ತಕ ಜನರನ್ನು ನಾಲ್ಕು ಋತುಗಳಾಗಿ ವಿಂಗಡಿಸಿ, ಒಂದೊಂದು ಋತುವಿಗೆ ಒಂದೊಂದು ಬಣ್ಣದ ಗುಂಪು ಕೊಟ್ಟಿತು. ಈಗ ಮೊಬೈಲ್ ತುಂಬ ಹರಿದಾಡುವ ಬಣ್ಣದ ಸಲಹೆಗಳ ಬೇರು ಬಹುಪಾಲು ಅಲ್ಲಿದೆ. ಗಲ್ಲದ ಕೆಳಗೆ ಬಟ್ಟೆ ಹಿಡಿದು ನೋಡುವ ಕ್ರಮ ಒಳ್ಳೆಯದೇ. ಆದರೆ ಬೆಳ್ಳಗಿನ ಚರ್ಮದ ನೂರು ಛಾಯೆಗಳನ್ನು ಸೂಕ್ಷ್ಮವಾಗಿ ನೋಡಿದ ಆ ಕಣ್ಣು ಕಂದು ಚರ್ಮದವರನ್ನೆಲ್ಲ ಹೆಚ್ಚುಕಡಿಮೆ ಒಂದೇ ಡಬ್ಬಿಗೆ ಹಾಕಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರ ನಡುವೆಯೇ ಎಣ್ಣೆಗಪ್ಪು, ಗೋದಿಗೆಂಪು ಎಂದು ಗುರುತಿಸುವ ನಾಡಿಗೆ ಆ ಲೆಕ್ಕ ಸಾಲುವುದಿಲ್ಲ.

ಮುಖ ಬದಲಾಗುವುದು ನಿಜ. ಆದರೆ ಮನೆಯ ಆ ಕಟ್ಟುಪಾಡು ಮುಖ ನೋಡಿ ಮಾಡಿದ್ದೇ?

ಅಪ್ಪ ತೀರಿಕೊಂಡಾಗ ಅವ್ವನಿಗೆ ಐವತ್ತೆಂಟು. ಕೂದಲು ಆಗಲೇ ಮುಕ್ಕಾಲು ಬೆಳ್ಳಗಾಗಿತ್ತು. ಬಣ್ಣದ ಸೀರೆ ಉಡಬೇಡ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಕಾಲ ಬದಲಾಗಿತ್ತು. ಆದರೆ ಆ ವರ್ಷದಿಂದ ಬಂದ ಆಯೇರಿ ಸೀರೆಗಳು ಒಂದೇ ತೆರ. ಮದುವೆ, ಗೃಹಪ್ರವೇಶ, ಯಾವುದೇ ಇರಲಿ, ಅವ್ವನ ಮಡಿಲಿಗೆ ಬೀಳುತ್ತಿದ್ದದ್ದು ಬೂದಿ, ಕೆನೆ, ಮಾಸಿದ ತಿಳಿಗುಲಾಬಿ. ಟ್ರಂಕಿನಲ್ಲಿದ್ದ ದಾಳಿಂಬೆ ಕೆಂಪನ್ನೂ ಗಿಣಿ ಹಸಿರನ್ನೂ ಅವ್ವ ತಾನಾಗಿ ಹೆಣ್ಣುಮಕ್ಕಳಿಗೆ, ಸೊಸೆಗೆ ಹಂಚಿದಳು. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನು ಮಾತ್ರ ಕೊಡಲು ಮನಸ್ಸಾಗದೆ ತಳದಲ್ಲಿಟ್ಟಳು. ಮದುಮಗಳ ಬಳಿ ಇರಲೇಬೇಕು ಎಂದು ಆ ಕಡೆಯ ಹಿರಿಯರು ಹೇಳುತ್ತಿದ್ದ ಸೀರೆ ಅದು. ಅವ್ವನ ಅವ್ವ ಎಳೆ ಎಣಿಸಿ, ಹಿಂದೆಯೂ ಗಂಟು ಬೀಳದಂತೆ ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯದ ಹೊಲಿಗೆಗಳಲ್ಲಿ ಗೋಪುರ, ತುಳಸಿಕಟ್ಟೆ, ಆನೆ ತುಂಬಿದ್ದಳು.

ಬೂದಿ ಬಣ್ಣದಲ್ಲಿ ಅವ್ವನ ಮುಖ ಕಳೆದುಹೋಗುತ್ತಿತ್ತು. ಕೂದಲು ಬೆಳ್ಳಗೆ, ಮುಖ ಬಿಳಿಚಿ, ಸೀರೆಯೂ ಬಿಳಿಚಿ. ಮನೆಯ ಗುಂಪು ಫೋಟೋದಲ್ಲಿ ಅವ್ವನನ್ನು ಹುಡುಕಬೇಕಾಗುತ್ತಿತ್ತು. "ಪಾಪ, ಗಂಡ ಹೋದಮ್ಯಾಲೆ ಭಾಳ ಇಳದಾರ" ಎಂದು ಬಂದವರು ಮರುಗುತ್ತಿದ್ದರು. ದುಃಖ ಇತ್ತು, ಇಲ್ಲ ಅನ್ನುವಂತಿಲ್ಲ. ಆದರೆ ಆ ಇಳಿತದಲ್ಲಿ ಅವರೇ ಉಡುಗೊರೆ ಕೊಟ್ಟ ಸೀರೆಗಳ ಪಾಲೂ ಇತ್ತು ಎಂದು ಹೇಳುವಾಗ ಆಕೆಯ ದನಿ ಇವತ್ತಿಗೂ ಏರುತ್ತದೆ.

ಬಣ್ಣಕ್ಕೆ ಶಕುನ ಅಪಶಕುನ ಹುಟ್ಟಿಬರುವುದಿಲ್ಲ ಎಂಬುದಕ್ಕೆ ಈ ನಾಡಿನ ಕೆಂಪಿಗಿಂತ ದೊಡ್ಡ ಸಾಕ್ಷಿ ಬೇಡ. ಮದುಮಗಳಿಗೂ ಕೆಂಪು. ಹಿಂದಿನ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿ ಮೂಲೆಗೆ ಕೂಡಿಸಿದ ವಿಧವೆಗೂ ಕೆಂಪು ಮಡಿಸೀರೆಯೇ. ಬೇರೆ ಮನೆಗಳಲ್ಲಿ ಅದೇ ವಿಧವೆಗೆ ಬಿಳಿ. ಎಂ.ಕೆ. ಇಂದಿರಾ 1976ರಲ್ಲಿ ಬರೆದ 'ಫಣಿಯಮ್ಮ', ಪ್ರೇಮಾ ಕಾರಂತ ಅದನ್ನು 1983ರಲ್ಲಿ ತೆರೆಗೆ ತಂದದ್ದು, ಎರಡೂ ಇಂಥ ಒಂದು ಬದುಕಿನ ಕಥೆ. ಮದುವೆಯ ಅರ್ಥ ತಿಳಿಯುವ ಮೊದಲೇ ವಿಧವೆಯಾದ ಹುಡುಗಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಯಾರು ತಾನೇ ಕನ್ನಡಿ ಹಿಡಿದು ನೋಡಿದ್ದರು? ಯಾವ ಬಟ್ಟೆಯಿಂದ ಹೆಣ್ಣನ್ನು ಗುಂಪಿನಿಂದ ಬೇರೆ ಮಾಡಿ ನಿಲ್ಲಿಸಬಹುದು ಎಂಬುದಷ್ಟೇ ಅಲ್ಲಿನ ಲೆಕ್ಕ. "ವಯಸ್ಸಿಗೆ ತಕ್ಕ ಬಣ್ಣ" ಅನ್ನುವ ಮೆದು ಮಾತಿನ ಒಳಗೆ ಆ ಹಳೆಯ ಶಿಕ್ಷೆಯ ಚೂರು ಇನ್ನೂ ಉಳಿದಿದೆ. ಗಂಡಸರ ಅಂಗಿಯ ಬಣ್ಣದ ಮೇಲೆ ಇಂಥ ಕಾವಲು ಯಾವತ್ತೂ ಇರಲಿಲ್ಲ.

ಎಲ್ಲ ಕಡೆ ಹೀಗೇ ಇಲ್ಲ. ಜಪಾನಿನಲ್ಲಿ ಅರವತ್ತು ತುಂಬಿದವರಿಗೆ ಕೆಂಪು ಟೊಪ್ಪಿಗೆ, ತೋಳಿಲ್ಲದ ಕೆಂಪು ಮೇಲಂಗಿ ಹಾಕಿ ಸಂಭ್ರಮಿಸುತ್ತಾರೆ. ಅದಕ್ಕೆ ಕಾನ್‌ರೆಕಿ ಅನ್ನುತ್ತಾರೆ. ಅವರ ಹಳೆಯ ಪಂಚಾಂಗದಲ್ಲಿ ಅರವತ್ತು ವರ್ಷಕ್ಕೆ ಕಾಲದ ಚಕ್ರ ಒಂದು ಸುತ್ತು ಮುಗಿಸುತ್ತದೆ. ಮನುಷ್ಯ ಮತ್ತೆ ಮಗುವಾಗುತ್ತಾನೆ, ಮಗುವಿಗೆ ಕೆಡುಕು ತಾಗದಿರಲಿ ಎಂದು ಕೆಂಪು. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರ ಎಣಿಸಿ ಷಷ್ಟ್ಯಬ್ದಿ ಮಾಡುವ ನಮ್ಮಲ್ಲಿ ಆ ದಿನ ದಂಪತಿಗೆ ಹೊಸ ಬಟ್ಟೆ ಕೊಡುತ್ತಾರೆ, ಮಾರನೆಯ ದಿನದಿಂದ ಮತ್ತೆ ಬಿಸ್ಕಿಟ್ ಬಣ್ಣ. ಸಂಡೂರಿನ ಕಡೆಯ ಲಂಬಾಣಿ ಅಜ್ಜಿಯರು ಮಾತ್ರ ಕನ್ನಡಿ ಹೊಲಿದ ಕೆಂಪನ್ನು ಇಳಿವಯಸ್ಸಿನಲ್ಲೂ ಬಿಟ್ಟುಕೊಟ್ಟವರಲ್ಲ. ಇಂಗ್ಲೆಂಡಿನ ರಾಣಿ ಎರಡನೇ ಎಲಿಜಬೆತ್ 2016ರ ಜೂನ್‌ನಲ್ಲಿ ತನ್ನ ತೊಂಬತ್ತರ ಹುಟ್ಟುಹಬ್ಬದ ಮೆರವಣಿಗೆಗೆ ಕಣ್ಣು ಕೋರೈಸುವ ಹಸಿರು ಕೋಟು, ಹಸಿರು ಹ್ಯಾಟು ಧರಿಸಿ ಬಂದಳು. ಬೆಳ್ಳನೆಯ ಕೂದಲಿನ ಕೆಳಗೆ ಆ ಹಸಿರು ಎಷ್ಟು ದೂರದಿಂದಲೂ ಕಾಣುತ್ತಿತ್ತು.

ಇಲ್ಲಿಯೇ ಹತ್ತಿರದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಇದ್ದರು. 1916ರಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡ ಅವರ ಹೆಸರಿನ ಕಂಚಿ ನೀಲಿ ಇಂದಿಗೂ ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲಿ ಎಂ.ಎಸ್. ಬ್ಲೂ ಎಂದೇ ಮಾರಾಟವಾಗುತ್ತದೆ. ಕಡಲ ನೀಲಿಗೂ ನವಿಲ ನೀಲಿಗೂ ನಡುವಿನ ತುಂಬು ಬಣ್ಣ ಅದು. ಮಲ್ಲಿಗೆ ಮುಡಿದ ಕೂದಲು, ಅಗಲ ಕುಂಕುಮ, ವಜ್ರದ ಮೂಗುಬೊಟ್ಟು, ಇವುಗಳ ಜೊತೆ ಆ ನೀಲಿ ಬೆರೆತು ಒಂದು ತಲೆಮಾರಿನ ಕಣ್ಣಿನಲ್ಲಿ ಅಚ್ಚಾಗಿ ನಿಂತಿದೆ. ಒಂದು ಬಣ್ಣವನ್ನು ಬಿಡದೆ ಹಿಡಿದರೆ ಅದು ವಯಸ್ಸನ್ನು ದಾಟಿ ವ್ಯಕ್ತಿತ್ವವೇ ಆಗಿಬಿಡುತ್ತದೆ ಎಂಬುದಕ್ಕೆ ಆಕೆ ಯಾವಾಗಲೂ ಈ ಉದಾಹರಣೆ ಕೊಡುತ್ತಾಳೆ.

2020ರ ಲಾಕ್‌ಡೌನಿನಲ್ಲಿ ಆಕೆ ಡೈ ಹಚ್ಚುವುದನ್ನು ನಿಲ್ಲಿಸಿದಳು. ಹೊರಗೆ ಹೋಗುವುದಿಲ್ಲ, ಯಾರಿಗಾಗಿ ಹಚ್ಚಬೇಕು ಎಂದು ಶುರುವಾದದ್ದು, ಆಮೇಲೆ ಬೇಕೆನಿಸಲಿಲ್ಲ. ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಕೋಶಗಳ ಮೂಲ ಬತ್ತಿದಾಗ ಹೊಸದಾಗಿ ಬೆಳೆಯುವ ಕೂದಲು ಬಣ್ಣವಿಲ್ಲದೆ ಬರುತ್ತದೆ. ಬೂದು ಕೂದಲು ಅನ್ನುವುದು ಬಹುಮಟ್ಟಿಗೆ ಕಣ್ಣಿಗೆ ಕಾಣುವ ಬೆರಕೆ, ಕಪ್ಪು ಎಳೆಗಳ ನಡುವೆ ಬಿಳಿ ಎಳೆಗಳು ಸೇರಿ ಹಾಗೆ ಕಾಣುತ್ತದೆ. ಒಂದೂವರೆ ವರ್ಷದಲ್ಲಿ ಡೈ ಪೂರ್ತಿ ಇಳಿದು, ಎಣ್ಣೆಗಪ್ಪು ಮುಖದ ಮೇಲೆ ಬೆಳ್ಳಿಯಂಥ ತಲೆ ನಿಂತಿತು.

ಆಗ ಇನ್ನೊಂದು ಸಲ ಬಣ್ಣದ ಲೆಕ್ಕ ಬದಲಾಯಿತು, ಈ ಸಲ ಕೊಡುವ ಕಡೆಗೆ. ಮೊದಲು ಕಪ್ಪು ಕೂದಲು, ಕಂದು ಮುಖ, ಎರಡೂ ಕಡುಬಣ್ಣವೇ. ಬಟ್ಟೆಯೂ ಕಡುವಾದರೆ ಎಲ್ಲ ಒಂದಾಗಿ ಮುಳುಗುತ್ತಿತ್ತು, ಅದಕ್ಕೇ ಹಳದಿ ಬೇಕಾಗಿತ್ತು. ಈಗ ಬೆಳಕು ತಲೆಯ ಮೇಲೆಯೇ ಇದೆ. ಕೆಳಗೆ ಕಡು ನೇರಳೆ ಬಂದರೂ ಸರಿ, ಕಾಡಿಗೆ ಕಪ್ಪು ಬಂದರೂ ಸರಿ, ನಡುವಿನ ಮುಖ ಎದ್ದು ನಿಲ್ಲುತ್ತದೆ. ಹರೆಯದಲ್ಲಿ ಆಕೆಗೆ ಒಪ್ಪದಿದ್ದ ಕಪ್ಪು ಈಗ ಒಪ್ಪುತ್ತದೆ. ಅವ್ವ ತೀರಿಕೊಂಡ ಮೇಲೆ ಪಾಲಿಗೆ ಬಂದ ಚಂದ್ರಕಾಳಿಯನ್ನು ಆಕೆ ಬಿಚ್ಚಿದ್ದು ಆಗಲೇ. ಮಡಿಕೆಗಳಲ್ಲಿ ರೇಷ್ಮೆ ಸೀಳಿತ್ತು, ಒಳಗೆ ತೆಳು ಬಟ್ಟೆ ಕೊಟ್ಟು ಕೈಯಲ್ಲಿ ಹೊಲಿದು ಗಟ್ಟಿ ಮಾಡಿಕೊಂಡಳು. ಕಸೂತಿಯ ಕೆಂಪು, ಕಿತ್ತಳೆ, ಹಸಿರು ಎಳೆಗಳು ಬಿಳಿ ಕೂದಲಿನ ಪಕ್ಕ ನಿನ್ನೆ ಹಾಕಿದಂತೆ ಕಂಡವು. ಸೋದರಳಿಯನ ಮದುವೆಗೆ ಅದನ್ನೇ ಉಟ್ಟು ಹೋದಾಗ ಇಬ್ಬರು ಹಿರಿಯರು ಮುಖ ಸಿಂಡರಿಸಿದರು. ಕಾಲೇಜು ಓದುವ ಹುಡುಗಿಯರು ಸುತ್ತ ನಿಂತು ಸೆರಗು ಹಿಡಿದು ನೋಡಿ, ಈ ಹೊಲಿಗೆ ಯಾರು ಹಾಕಿದ್ದು ಎಂದು ಕೇಳಿದರು.

ಬಣ್ಣ ಬದಲಾಗುವುದು ನೋಡಿಸಿಕೊಳ್ಳುವವರಲ್ಲಿ ಮಾತ್ರವಲ್ಲ, ನೋಡುವ ಕಣ್ಣಿನಲ್ಲೂ. ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಗಟ್ಟುತ್ತದೆ, ಒಳಗೆ ಹೋಗುವ ಬೆಳಕಿನಲ್ಲಿ ನೀಲಿಯ ಪಾಲನ್ನು ಹೀರಿಕೊಳ್ಳುತ್ತದೆ. ನೇವಿ ಬ್ಲೂ ಮತ್ತು ಕಪ್ಪು ಜಂಪರುಗಳನ್ನು ಬೇರೆ ಮಾಡಿಕೊಡು ಎಂದು ಹಿರಿಯರು ಮಕ್ಕಳನ್ನು ಕರೆಯುವುದು ಇದಕ್ಕೇ. ಪೊರೆ ಬಂದರೆ ಇನ್ನೂ ಹೆಚ್ಚು. ಚಿತ್ರಕಾರ ಕ್ಲಾಡ್ ಮೋನೆಗೆ 1912ರಲ್ಲಿ ಪೊರೆ ಇದೆ ಎಂದು ವೈದ್ಯರು ಹೇಳಿದರು. ಮುಂದಿನ ವರ್ಷಗಳಲ್ಲಿ ಅವನ ತೋಟದ ಸೇತುವೆಯ ಚಿತ್ರಗಳು ಕೆಂಪು ಕಂದುಗಳಲ್ಲಿ ಹೂತುಹೋದವು. ಬಣ್ಣದ ಟ್ಯೂಬಿನ ಮೇಲಿನ ಹೆಸರು ಓದಿ, ಹಲಗೆಯ ಮೇಲೆ ಒಂದೇ ಕ್ರಮದಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ. 1923ರ ಜನವರಿಯಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಬಣ್ಣಗಳು ತಲೆಕೆಳಗಾಗಿ ಕಂಡು ಸಿಡಿಮಿಡಿಗೊಂಡ, ಬಣ್ಣದ ಗಾಜಿನ ಕನ್ನಡಕ ಹಾಕಿಕೊಂಡ, ಹಳೆಯ ಚಿತ್ರಗಳನ್ನು ಮತ್ತೆ ತಿದ್ದಿದ.

ಆಕೆಗೆ ಪೊರೆ ತೆಗೆದದ್ದು ಮೊದಲು ಎಡಗಣ್ಣಿಗೆ. ಬಲಗಣ್ಣಿನ ಸರದಿ ಬರುವವರೆಗಿನ ವಾರಗಳನ್ನು ಆಕೆ ಹಬ್ಬದಂತೆ ಕಳೆದಳು. ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು ಬೀರು ನೋಡುವುದು. ಬಲಗಣ್ಣಿಗೆ ಕೆನೆ ಬಣ್ಣವಾಗಿದ್ದ ಸೀರೆ ಎಡಗಣ್ಣಿಗೆ ಅಚ್ಚ ಬಿಳಿ. ಬೂದು ಎಂದು ತಿಳಿದಿದ್ದ ಒಂದು ಅಂಚಿನಲ್ಲಿ ತಿಳಿನೀಲಿ ಇತ್ತು. ನೇರಳೆಗಳು ಬುಸುಗುಟ್ಟಿ ಎದ್ದಿದ್ದವು. ಅವ್ವ ಕೊನೆಯ ವರ್ಷಗಳಲ್ಲಿ "ಈ ಬಣ್ಣ ಯಾಕೋ ಮಬ್ಬ ಐತಿ" ಎಂದು ಹೊಸ ಸೀರೆಗಳನ್ನೇ ಪಕ್ಕಕ್ಕಿಡುತ್ತಿದ್ದಳು. ಪೊರೆ ತುಂಬಿದ ಕಣ್ಣಿಗೆ ಬೂದಿ ಸೀರೆ ಕೊಟ್ಟು ಕೂಡಿಸಿದರೆ ಆ ಜೀವಕ್ಕೆ ಬಣ್ಣ ಎಲ್ಲಿಂದ ಸಿಗಬೇಕಿತ್ತು? ಹಿರಿಯರಿಗೆ ತುಂಬು ಬಣ್ಣ ಬೇಕು ಅನ್ನುವುದಕ್ಕೆ ಚಂದ ಒಂದೇ ಕಾರಣವಲ್ಲ. ಅವರ ಕಣ್ಣಿಗೆ ಕಾಣಿಸುವುದು ಅದೇ.

ಇಷ್ಟಾದರೂ ಎಲ್ಲ ಬಿಳಿ ಕೂದಲಿಗೂ ಕಪ್ಪೇ ಸರಿ ಎಂದು ಆಕೆ ಹೇಳುವುದಿಲ್ಲ, ಅಕ್ಕನೇ ಅದಕ್ಕೆ ಅಡ್ಡ ನಿಂತಿದ್ದಾಳೆ. ಅಕ್ಕನ ಗೋದಿ ಬಣ್ಣ ವಯಸ್ಸಿನೊಂದಿಗೆ ಇನ್ನೂ ತಿಳಿಯಾಗಿದೆ. ಕೂದಲು ಪೂರ್ತಿ ಬಿಳಿ, ಹುಬ್ಬು ಇದ್ದೂ ಇಲ್ಲದಂತೆ. ಕಡು ನೇರಳೆ ಉಟ್ಟರೆ ಸೀರೆ ಕಾಣುತ್ತದೆ, ಅಕ್ಕ ಕಾಣುವುದಿಲ್ಲ. ಅಕ್ಕನಿಗೆ ಒಪ್ಪುವುದು ಹವಳದ ಬಣ್ಣ, ಮಾವಿನ ಚಿಗುರು, ಸಮುದ್ರದ ತಿಳಿ ಹಸಿರು, ಅದೂ ಬೆಚ್ಚನೆಯ ತಿಳಿ, ಬೂದಿ ಕಲಸಿದ ತಿಳಿ ಅಲ್ಲ. ಹರೆಯದಲ್ಲಿ ತನಗೆ ಒಗ್ಗದ ಎಲೆಹಸಿರನ್ನು ಅಕ್ಕ ಈಗ ಕೇಳಿ ತರಿಸಿಕೊಳ್ಳುತ್ತಾಳೆ.

ಮೊನ್ನೆ ಇಬ್ಬರೂ ಕೂಡಿ ಅಂಗಡಿಗೆ ಹೋದಾಗ ಹುಡುಗ ತಲೆಗೂದಲು ನೋಡಿದವನೇ ಇಬ್ಬರ ಮುಂದೆಯೂ ಒಂದೇ ಬಿಸ್ಕಿಟ್ ಬಣ್ಣದ ರಾಶಿ ಸುರುವಿದ. "ನಿಮ್ಮ ಏಜಿಗೆ ಇದು ಭಾಳ ಗ್ರ್ಯಾಂಡ್ ಕಾಣಸ್ತದ್ರಿ ಅಮ್ಮಾರ." ಆಕೆ ರಾಶಿಯನ್ನು ಹಿಂದಕ್ಕೆ ತಳ್ಳಿ, ಮೇಲಿನ ಸಾಲಿನಲ್ಲಿ ಮಡಿಚಿಟ್ಟಿದ್ದ ಎರಡನ್ನು ಇಳಿಸಲು ಹೇಳಿದಳು. ಬಾಗಿಲ ಬಳಿಗೆ ಒಯ್ದು ನೋಡಿ, ಅಕ್ಕನಿಗೆ ಹವಳದ್ದು, ತನಗೆ ಬದನೆಕಾಯಿ ಬಣ್ಣದ ಇಳಕಲ್, ಚಿಕ್ಕಿ ಪರಾಸ್ ದಡಿಯದು, ಸೆರಗು ಎಂದಿನ ಕೆಂಪು. ಜಂಪರಿಗೆ ಗುಳೇದಗುಡ್ಡದ ಖಣವೇ ಆಗಬೇಕೆಂದು ಇಬ್ಬರಿಗೂ ಒಮ್ಮತವಿದೆ. ಅದು ಹಸಿರಿರಬೇಕೋ ಕೆಂಪಿರಬೇಕೋ ಎಂಬ ವಾದ ಮಾತ್ರ ಫೋನಿನಲ್ಲಿ ಇನ್ನೂ ನಡೆಯುತ್ತಿದೆ, ಟೇಲರ್ ದೀಪಾವಳಿಗೆ ಮುಂಚೆ ಕೊಡಬೇಕೆಂದರೆ ಈ ವಾರವೇ ತೀರ್ಮಾನವಾಗಬೇಕು.